ತೀರ್ಥದ ಜೊತೆ ನುಂಗಿದ ಜೋಡಿ ಗುಳಿಗೆ

ಗುರುವಾರ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕುಳಿತು ದೇವರ ಸಾಮಾನುಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಮರುದಿನ ಶುಕ್ರವಾರ. ಬೆಟಗೇರಿಯ ನಮ್ಮ ಮನೆಯಲ್ಲಿ ಶುಕ್ರವಾರದ ಬನಶಂಕರಿ ಪೂಜೆ ತಪ್ಪಿದ್ದಿಲ್ಲ. ಆರತಿ ತಟ್ಟೆ ಮುಗಿಸಿ ತೀರ್ಥದ ಬಟ್ಟಲಿಗೆ ಕೈ ಹಾಕಿದ್ದೆ, ಒಳಗೆ ಫೋನು ಹೊಡೆದುಕೊಂಡಿತು. ಲಕ್ಷ್ಮೇಶ್ವರದಿಂದ ನಾದಿನಿ ಗಿರಿಜಾ. ನಮ್ಮ ಅತ್ತೆ ತಮ್ಮ ಈ ಮಗಳ ಮನೆಗೆಂದು ಹೋಗಿ ಒಂದು ವಾರವಾಗಿತ್ತು.

"ವೈನಿ, ಅವ್ವ ಒಂದು ನಮೂನಿ ಮಾಡಾಕತ್ತಾಳ."

"ಒಂದು ನಮೂನಿ ಅಂದ್ರ ಹೆಂಗ?"

"ನನಗ ಅಕ್ಕಾ ಅನ್ನಾಕತ್ತಾಳ. ಲಾಳಿ ಎಲ್ಲಿಟ್ಟಿ, ಲಾಳಿ ಎಲ್ಲಿಟ್ಟಿ ಅಂತ ಹಾಸಿಗಿ ತಡಕಾಡಾಕತ್ತಾಳ. ಕಿರಾಣಿ ಅಂಗಡಿ ಮನ್ಯಾಗ ಮಗ್ಗದ ಲಾಳಿ ಎಲ್ಲಿಂದ ತರ್ಲಿ ನಾನು? ಲಕ್ವಾ ಹೊಡದೈತೇನೋ ಅಂತ ಅಂಜಿಕಿ ಆಗೈತಿ. ಗಾಡಿ ಮಾಡಿಸೀವಿ, ಗದಗಕ್ಕ ಕರಕೊಂಡು ಬರ್ತೀವಿ. ಅಣ್ಣಗ ಹೇಳು."

ನಮ್ಮ ಮನೆಯವರು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಫೋನು ಮಾಡಿದೆ. ತಿಕ್ಕದೆ ಉಳಿದ ಸಾಮಾನು ಹಾಗೇ ಬಿಟ್ಟು, ಕೈಗೆ ಅಂಟಿದ ಹುಳಿಯನ್ನು ಸೀರೆಗೆ ಒರೆಸಿಕೊಳ್ಳುತ್ತ ಆಟೋ ಹತ್ತಿದೆ. ದಾರಿಯಲ್ಲಿ ಗಿರಿಜಾ ಇನ್ನೊಮ್ಮೆ ಮಾತಾಡಿದಳು, ಶಿರಹಟ್ಟಿ ದಾಟೀವಿ ಎಂದಳು. ಹಿಂದಿನಿಂದ ಅತ್ತೆಯ ದನಿ ಕೇಳಿತು. ಅವರು ಯಾರನ್ನೋ ಬೈಯುತ್ತಿದ್ದರು. ಬೈಯುವಷ್ಟು ಉಸಿರಿದೆಯಲ್ಲ ತಾಯಿ ಎಂದು ಕೈ ಮುಗಿದೆ. ಆ ದಿನ ಎಣಿಸಿಕೊಳ್ಳಲು ಸಿಕ್ಕ ಮೊದಲ ಕರುಣೆ ಅದು.

ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಅತ್ತೆಯನ್ನು ಇಳಿಸಿದಾಗ ಅವರು ನನ್ನ ಮುಖ ನೋಡಿದರು. ನೋಡಿ, "ನೀರ ಬಂದೈತಿ, ಕೊಡ ಹಚ್ಚು" ಎಂದರು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕುಳಿತ ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ರಕ್ತ ತೆಗೆದುಕೊಂಡರು, ತಲೆಯ ಫೋಟೋ ತೆಗೆಸಲು ಒಯ್ದರು. ನಮ್ಮನ್ನು ಹೊರಗೆ ಕಬ್ಬಿಣದ ಬೆಂಚಿನ ಮೇಲೆ ಕೂರಿಸಿದರು. ಗಿರಿಜಾ ಅಳುತ್ತಿದ್ದಳು, ಮನೆಯವರು ಎದ್ದು ಕೂತು ಮಾಡುತ್ತಿದ್ದರು. ಪಕ್ಕದಲ್ಲಿದ್ದ ಅಸುಂಡಿಯ ಒಬ್ಬ ಹೆಣ್ಣುಮಗಳು, ಗುರುತಿಲ್ಲ ಪರಿಚಯವಿಲ್ಲ, ತನ್ನ ಬುತ್ತಿಯಿಂದ ಒಂದು ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟಳು. "ತಿನ್ನವಾ, ಒಳಗಿದ್ದೋರು ಕರದಾಗ ಓಡಾಡಾಕ ಶಕ್ತಿ ಬೇಕು" ಎಂದಳು. ಅದಕ್ಕೆ ಹಚ್ಚಿದ್ದ ಚಟ್ನಿ ಉಪ್ಪುಪ್ಪಾಗಿತ್ತು. ಒಂದು ತುತ್ತು ಬಾಯಲ್ಲಿಟ್ಟೆ, ನುಂಗಲು ಆಗಲಿಲ್ಲ.

ಯಾಕೆ ಆಗಲಿಲ್ಲ ಎಂಬುದನ್ನು ಈಗ ಹೇಳಬೇಕು.

ನನಗೆ ಬಿ.ಪಿ. ಇದೆ ಎಂದು ತಿಳಿದದ್ದು ಕಾರಹುಣ್ಣಿಮೆಯ ಸುಮಾರಿಗೆ, ಅದೂ ಅತ್ತೆಯ ಜೊತೆ ಹೋದಾಗ. ಅವರ ಬಿ.ಪಿ. ಹಳೆಯದು. ಒಂದೇ ಗುಳಿಗೆಯಲ್ಲಿ ಎರಡು ಔಷಧ ಕೂಡಿದ್ದನ್ನು ಅವರು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರು. ಅದಕ್ಕೆ 'ನನ್ನ ಜೋಡೆತ್ತು' ಎಂದು ಹೆಸರಿಟ್ಟು, ಬಂದವರಿಗೆಲ್ಲ ಕಾಣುವಂತೆ ಗೂಡಿನಲ್ಲಿ ಇಡುತ್ತಿದ್ದರು. ಆ ದಿನ ಅವರನ್ನು ಎದೆಯ ಪರೀಕ್ಷೆಗೆ ಒಳಗೆ ಕರೆದಿದ್ದರು. ನರ್ಸಬಾಯಿ ನನ್ನನ್ನು ನೋಡಿ, "ಖಾಲಿ ಕುಂತೀರಲ್ಲ ಅಕ್ಕಾರ, ಕೈ ಕೊಡ್ರಿ, ನಿಮ್ದೂ ನೋಡೂಣು" ಎಂದು ನಗುತ್ತ ಪಟ್ಟಿ ಸುತ್ತಿದಳು. ಗಾಳಿ ಬಿಡುವಾಗ ನಗು ನಿಂತಿತು. ಇನ್ನೊಂದು ಕೈಗೆ ಸುತ್ತಿದಳು. ಆಮೇಲೆ ಡಾಕ್ಟರಬಾಯಿಯನ್ನು ಕರೆದಳು.

"ತಲಿ ನೋಯ್ತೈತೇನು?" ಎಂದು ಡಾಕ್ಟರಬಾಯಿ ಕೇಳಿದರು.

"ಅದೇನು ದಿನಾ ಇರೂದ ಬಿಡ್ರಿ, ರೊಟ್ಟಿ ಬಡಿಯೋರಿಗೆ."

"ದಿನಾ ಇರಬಾರದವಾ. ನಿಮ್ಮ ಮನ್ಯಾಗ ಯಾರಿಗರ ಇತ್ತೇನು ಬಿ.ಪಿ.?"

ಮುಂಡರಗಿಯ ನಮ್ಮವ್ವನಿಗೆ ಇತ್ತು ಎಂದೆ. ಮತ್ತೆ ಬಂದು ತೋರಿಸಿರಿ, ಉಪ್ಪು ಕಡಿಮೆ ಮಾಡಿರಿ ಎಂದರು. ಅತ್ತೆ ಒಳಗಿನಿಂದ ಬರುವಷ್ಟರಲ್ಲಿ ನಾನು ತೋಳು ಇಳಿಸಿಕೊಂಡು ಕುಳಿತಿದ್ದೆ. ಏನೂ ಹೇಳಲಿಲ್ಲ.

ನಮ್ಮ ಓಣಿಯಲ್ಲಿ ಬಿ.ಪಿ. ಎಂದರೆ ಬೇನೆಯ ಹೆಸರಲ್ಲ, ಸಿಟ್ಟಿನ ಹೆಸರು. ವಯಸ್ಸಾದವರಿಗೆ ಬಂದರೆ ವಯಸ್ಸಿನದು. ಸೊಸೆಗೆ ಬಂದರೆ ಅತ್ತೆ ತರಿಸಿದ್ದು. ಎದುರು ಮನೆಯ ಸೊಸೆಗೆ ಬಿ.ಪಿ. ಎಂದು ತಿಳಿದ ದಿನ ಅತ್ತೆಯೇ ಕಟ್ಟೆಯ ಮೇಲೆ ಕುಳಿತು, "ಆ ವಯಸ್ಸಿಗೆ ಸುಮ್ನ ಬರ್ತೈತೇನು? ಆ ಮುದುಕಿ ದಿನಾ ಕುದಿಸಿ ಕುದಿಸಿ ತರಿಸ್ಯಾಳ" ಎಂದಿದ್ದರು. ಕುಳಿತವರೆಲ್ಲ ಹೌದೆಂದಿದ್ದರು. ನನಗೂ ಬಂದಿದೆ ಎಂದರೆ ನಾಳೆ ಅದೇ ಕಟ್ಟೆಯ ಮೇಲೆ ಯಾರ ಹೆಸರು ಬರುತ್ತದೆ? ಅತ್ತೆಯದು. ಇನ್ನು ನಾನು? ಬಾಯಿ ಮುಚ್ಚಿಕೊಂಡು ಒಳಗೊಳಗೇ ಕುದಿಯುವ ಸೊಸೆ. ಇಬ್ಬರ ಮಾನವನ್ನೂ ಕಾಯುತ್ತಿದ್ದೇನೆ ಎಂದುಕೊಂಡು ಮುಚ್ಚಿಟ್ಟೆ. ಮನೆಯವರಿಗೂ ಹೇಳಲಿಲ್ಲ. ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಸಂತೆಯ ನೆಪದಲ್ಲಿ ಹೋಗಿ ತೋರಿಸಿಕೊಂಡು ಬರುತ್ತಿದ್ದೆ. ಮೊದಲು ಒಂದು ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಇನ್ನೊಂದು ಸೇರಿಸಿದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ರಾತ್ರಿಯದು ಎಲ್ಲರ ಕಣ್ಣ ಮುಂದೆ ನುಂಗಬೇಕಲ್ಲ, ಎಷ್ಟೋ ಸಲ ಬಿಟ್ಟೇ ಹೋಗುತ್ತಿತ್ತು. ಡಾಕ್ಟರಬಾಯಿಗೆ ಅದು ಗೊತ್ತಾಗಿ, "ಎರಡೂ ಕೂಡಿ ಒಂದರಾಗ ಬರ್ತೈತಿ, ಅದನ್ನ ಕೊಡ್ತೀನಿ. ಮುಂಜಾನೆ ಒಂದು ನುಂಗಿದ್ರ ಆತು" ಎಂದರು. ಬೇರೆಯವರು ಅದನ್ನು ಕೇಳಿ ಔಷಧದ ಬಗ್ಗೆ ನೆಮ್ಮದಿ ಪಡುತ್ತಾರೇನೋ. ನನಗೆ ಬಂದ ನೆಮ್ಮದಿ ಬೇರೆ. ಎರಡು ಮುಚ್ಚಿಡುವುದಕ್ಕಿಂತ ಒಂದು ಮುಚ್ಚಿಡುವುದು ಸುಲಭ. ದೇವರ ಗೂಡಿನಲ್ಲಿ ಊದುಬತ್ತಿಯ ಡಬ್ಬಿಯ ಹಿಂದೆ ಇಟ್ಟೆ. ಬೆಳಿಗ್ಗೆ ಪೂಜೆ ಮುಗಿಸಿ, ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಅದರ ಮೇಲೆ ತೀರ್ಥ ಹಾಕಿಕೊಂಡು ನುಂಗುತ್ತಿದ್ದೆ. ನೋಡಿದವರಿಗೆ ಭಕ್ತಿ ಕಾಣುತ್ತಿತ್ತು. ತಾಯಿಗೆ ಏನು ಕಾಣುತ್ತಿತ್ತೋ, ಆಗ ನಾನು ಯೋಚಿಸಲಿಲ್ಲ.

ಗುಳಿಗೆ ಮುಚ್ಚಿದರೂ ಊಟ ಮುಚ್ಚಲಾಗಲಿಲ್ಲ. ಸಾರಿಗೆ ಉಪ್ಪು ಹಾಕುವ ಮೊದಲು ನನ್ನ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡುವುದನ್ನು ಅತ್ತೆ ಕಂಡರು.

"ಯಾಕ ಸಪ್ಪನ ಉಣ್ಣಾಕತ್ತಿ?"

ಬಾಯಿಂದ ತಾನಾಗಿ ಬಂತು: "ಹರಕಿ ಐತ್ರಿ ಅತ್ಯಾರ."

"ಯಾರಿಗೆ?"

"ಬನಶಂಕರಿಗೆ."

"ಎಲ್ಲಿತನಕ?"

"ಬನದ ಹುಣ್ಣಿವಿತನಕ."

"ಯಾತಕ್ಕ?"

"ಹೇಳಬಾರದಂತ್ರಿ."

ಒಂದು ಸುಳ್ಳಿಗೆ ನಾಲ್ಕು ಗೋಡೆ ಕಟ್ಟಿದೆ, ಅಷ್ಟೂ ದೇವರ ಹೆಸರಿನಲ್ಲಿ. ಅತ್ತೆ ಮುಂದೆ ಕೇಳಲಿಲ್ಲ. ಅಂದಿನಿಂದ ಅವರು ನನ್ನ ಮೇಲೆ ದನಿ ಏರಿಸುವುದನ್ನು ಕಡಿಮೆ ಮಾಡಿದರು. ನೀರಿನ ಕೊಡ ಎತ್ತಲು ಹೋದರೆ, "ಬಿಡು, ಸಪ್ಪನ ಉಣ್ಣಾಕಿ" ಎಂದು ತಡೆಯುತ್ತಿದ್ದರು. ಓಣಿಯ ಹೆಣ್ಣುಮಕ್ಕಳು ನನ್ನ ಕೈಯಿಂದ ಕುಂಕುಮ ಹಚ್ಚಿಸಿಕೊಳ್ಳತೊಡಗಿದರು.

ದಸರೆಯ ಮರುದಿನ ಅತ್ತೆ ತಾಟಿನ ಮುಂದೆ ಕುಳಿತು, "ನಂದೂ ಸಪ್ಪಂದ ತಗದಿಡು" ಎಂದರು.

"ನಿಮಗ ಯಾಕ್ರಿ ಅತ್ಯಾರ? ವಯಸ್ಸಾಗೈತಿ."

"ನನ್ನ ಮನಿತನದ ಸಲುವಾಗಿ ಸೊಸಿ ಸಪ್ಪನ ಉಂಡರ, ನಾ ಬಾಜು ಕುಂತು ಉಪ್ಪಿನಕಾಯಿ ನೆಕ್ಕಲೇನು? ಬೇಡಿಕೊಂಡೀನಿ, ಆತು."

ಬೇಡ ಎಂದು ಎರಡನೇ ಸಲ ಹೇಳಲಿಲ್ಲ. ಅವರಿಗೂ ಬಿ.ಪಿ. ಇದೆ, ಉಪ್ಪು ಬಿಟ್ಟರೆ ಒಳ್ಳೆಯದೇ ಆಗುತ್ತದೆ ಎಂದು ನನ್ನಷ್ಟಕ್ಕೆ ನಾನೇ ಡಾಕ್ಟರಾದೆ. ಡಾಕ್ಟರಬಾಯಿ ನನಗೆ ಹೇಳಿದ್ದು ಕಡಿಮೆ ಮಾಡು ಎಂದು, ಬಿಡು ಎಂದಲ್ಲ. ಒಲೆಯ ಮುಂದೆ ರುಚಿ ನೋಡುವಾಗ ನನ್ನ ನಾಲಗೆಗೆ ಅಷ್ಟಿಷ್ಟು ಸಿಗುತ್ತಿತ್ತು. ರೊಟ್ಟಿಗೆ ಹಚ್ಚಿದ ಚಟ್ನಿಯನ್ನು ಯಾರೂ ಇಲ್ಲದಾಗ ಒಂದು ಬೆರಳು ನೆಕ್ಕುತ್ತಿದ್ದೆ. ಅತ್ತೆ ಹಾಗಲ್ಲ. ಮಜ್ಜಿಗೆಗೂ ಒಂದು ಹರಳು ಹಾಕಿಕೊಳ್ಳಲಿಲ್ಲ, ಹಪ್ಪಳ ಮುಟ್ಟಲಿಲ್ಲ. ಮಗಳ ಮನೆಗೆ ಹೋದಾಗಲೂ ಅವಳ ಕೈಯಿಂದ ತಮಗೆ ಬೇರೆ ಸಪ್ಪೆ ಅಡಿಗೆ ಮಾಡಿಸಿಕೊಂಡರು. ಸುಳ್ಳು ಹರಕೆಯವಳು ಉಪ್ಪು ತಿಂದಳು, ಖರೆ ಹರಕೆಯವರು ಬಿಟ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ಅಸುಂಡಿಯವಳ ರೊಟ್ಟಿ ಹಿಡಿದು ಕುಳಿತಾಗ ಇಷ್ಟೂ ನನ್ನ ಗಂಟಲಲ್ಲಿ ನಿಂತಿತ್ತು. ಉಪ್ಪಿಗೂ ಅತ್ತೆಯ ಈ ಸ್ಥಿತಿಗೂ ಸಂಬಂಧವಿದೆಯೆಂದು ನನಗೆ ಗೊತ್ತಿರಲಿಲ್ಲ. ಆದರೂ ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಸಣ್ಣ ವಯಸ್ಸಿನವರು, ನಿಂತುಕೊಂಡೇ ಮಾತಾಡಿದರು.

"ಲಕ್ವಾ ಅಲ್ಲ. ತಲಿ ಫೋಟೋ ಚೊಲೋ ಐತಿ. ರಕ್ತದಾಗ ಉಪ್ಪಿನ ಅಂಶ ಭಾಳ ಕೆಳಗ ಇಳದೈತಿ, ಅದಕ್ಕ ಹಿಂಗ ಮಾಡಾಕತ್ತಾರ. ಇವರು ತಗೊಳ್ಳೋ ಬಿ.ಪಿ. ಗುಳಿಗ್ಯಾಗ ಎರಡು ಔಷಧ ಅದಾವ. ಒಂದು ಮೈಯಾಗಿನ ಉಪ್ಪು ನೀರು ಹೊರಗ ಹಾಕೋದು. ಉಣ್ಣೋದರಾಗ ಉಪ್ಪು ಇದ್ರ ನಡೀತೈತಿ. ಇವರೇನು ಉಪ್ಪು ಪೂರಾ ಬಿಟ್ಟಾರೇನು?"

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, "ಹೌದ್ರಿ, ಹರಕಿ ಐತ್ರಿ. ನಮ್ಮ ವೈನಿ ಬೇಡಿಕೊಂಡಾಳ, ಅವ್ವ ಆಕಿ ಜೋಡಿ ಹಿಡದಾಳ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಹೆಮ್ಮೆ ಇತ್ತು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ನನ್ನ ಕಡೆ ನೋಡಿ, "ವಯಸ್ಸಾದೋರಿಗೆ ಇಂಥಾದ್ದು ಮಾಡೋ ಮುಂದ ಒಂದು ಮಾತು ಕೇಳಬೇಕ್ರಿ" ಎಂದರು. ಆ ಗುಳಿಗೆ ನಿಲ್ಲಿಸಿ ಬೇರೆ ಕೊಡುತ್ತೇವೆ, ಬಾಟಲಿಯಲ್ಲಿ ಉಪ್ಪು ಏರಿಸುತ್ತೇವೆ, ಅದನ್ನು ಅವಸರದಲ್ಲಿ ಏರಿಸಲು ಬರುವುದಿಲ್ಲ, ಸಾವಕಾಶ ಆಗಬೇಕು ಎಂದು ಹೇಳಿ ಹೋದರು.

ಆ ಸಾವಕಾಶ ಇದೆಯಲ್ಲ, ಅದರಲ್ಲಿ ನಾನು ಬೆಂದೆ. ಒಂದು ಕಾಲಕ್ಕೆ ಮಗ್ಗದ ಮುಂದೆ ಕುಳಿತಿದ್ದ ಅತ್ತೆ ಮಲಗಿದಲ್ಲೇ ಗಾಳಿಯಲ್ಲಿ ನೂಲು ಹುಡುಕುತ್ತಿದ್ದರು. ಇಲ್ಲದ ಎಳೆಯನ್ನು ಹಿಡಿದು ಗಂಟು ಹಾಕುತ್ತಿದ್ದರು, ಬಿಚ್ಚಿತು ಎಂದು ಮತ್ತೆ ಹಾಕುತ್ತಿದ್ದರು. ಹೊರಡುವ ಅವಸರದಲ್ಲೂ ದೇವರ ಗೂಡಿನಿಂದ ಎತ್ತಿಕೊಂಡಿದ್ದ ನನ್ನ ಗುಳಿಗೆಯ ಪಟ್ಟಿ ಚೀಲದಲ್ಲಿತ್ತು. ಬೆಳಿಗ್ಗೆ ಬಾತ್‌ರೂಮಿನೊಳಗೆ ಹೋಗಿ, ನಲ್ಲಿಯ ನೀರಿನಲ್ಲಿ ನುಂಗಿ ಬಂದೆ. ಅವರನ್ನು ಈ ಸ್ಥಿತಿಗೆ ತಂದು ನನ್ನ ಆರೋಗ್ಯವನ್ನು ಮಾತ್ರ ತಪ್ಪದೆ ಕಾಯುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬಿಡಬೇಕೆನಿಸಿತು. ಬಿಟ್ಟರೆ ಈ ಮನೆಗೆ ಹಾಸಿಗೆ ಎರಡಾಗುತ್ತವೆ ಎಂದು ಬಿಡಲಿಲ್ಲ. ಅದೂ ತಾಯಿ ಕೊಟ್ಟ ಬುದ್ಧಿಯೇ ಎಂದು ಈಗ ಅಂದುಕೊಳ್ಳುತ್ತೇನೆ.

ಕರುಣೆ ಸಿಗಲಿಲ್ಲ ಎನ್ನಲಾರೆ. ಹಾಸಿಗೆ ಕಿಟಕಿಯ ಹತ್ತಿರ ಸಿಕ್ಕಿತು. ನೆಲ ಒರೆಸುವ ಹೆಂಗಸು ಕುಡಿಯಲು ಬಿಸಿನೀರು ತಂದುಕೊಟ್ಟಳು. ಗಿರಿಜಾ ತನ್ನ ತೊಡೆಯ ಮೇಲೆ ನನ್ನ ತಲೆ ಇಡಿಸಿಕೊಂಡು ಅರ್ಧ ತಾಸು ಮಲಗಿಸಿದಳು. ಅವಳಿಗೆ ವಿಷಯ ಗೊತ್ತಿದ್ದರೆ ಮಲಗಿಸುತ್ತಿದ್ದಳೇ ಎಂದುಕೊಳ್ಳುತ್ತಲೇ ಮಲಗಿದೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಕಣ್ಣು ತೆರೆದು ನನ್ನನ್ನೇ ಬಹಳ ಹೊತ್ತು ನೋಡಿದರು.

"ರತ್ನಾ, ಶುಕ್ರವಾರದ ಪೂಜಿ ಮಾಡಿದೇನು?"

ನನ್ನ ಹೆಸರು. ಇಷ್ಟು ವರ್ಷದಲ್ಲಿ ಅವರು ಎಷ್ಟು ಸಲ ಕರೆದಿದ್ದರೋ. ಓ ಎನ್ನಲು ಅಂದಿನಷ್ಟು ಯಾವತ್ತೂ ತ್ರಾಸಾಗಿರಲಿಲ್ಲ.

ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ನರ್ಸಬಾಯಿ ಗಂಜಿ ತಂದಳು. ಅತ್ತೆ ಒಂದು ಚಮಚೆ ಬಾಯಿಗಿಟ್ಟು ಉಗುಳಿದರು.

"ಉಪ್ಪು ಹಾಕ್ಯಾರ. ನನಗ ಹರಕಿ ಐತಿ, ಒಯ್ಯಿ."

"ಅಜ್ಜಿ, ನಿಮ್ಮ ಕೈಯಾಗ ಹೊಂಟದ್ದ ಉಪ್ಪಿನ ನೀರು" ಎಂದು ಅವಳು ಬಾಟಲಿ ತೋರಿಸಿ ನಕ್ಕಳು. "ಬಾಯಿಲೆ ತಿಂದ್ರ ಏನಾತು?"

ಅತ್ತೆ ಬಾಟಲಿ ನೋಡಿದರು. ನೋಡಿ ಸೂಜಿಗೆ ಕೈ ಹಾಕಿದರು. ಮನೆಯವರು ಓಡಿ ಬಂದು ಹಿಡಿದುಕೊಂಡರು. "ನನ್ನ ಹರಕಿ ಮುರದ್ರಲ್ಲೋ, ನನ್ನ ಕೇಳಲಾರದ ಮುರದ್ರಲ್ಲೋ" ಎಂದು ಅಳತೊಡಗಿದರು. ಮಾವನವರು ತೀರಿಕೊಂಡಾಗಲೂ ಹಾಗೆ ಅತ್ತದ್ದನ್ನು ನಾನು ನೋಡಿಲ್ಲ.

"ಅವ್ವಾ, ದೇವರು ಅಷ್ಟೆಲ್ಲಾ ನೋಡ್ತಾಳೇನು? ಬ್ಯಾನಿ ಇದ್ದಾಗ ನಡೀತೈತಿ" ಎಂದರು ಮನೆಯವರು.

"ನಿನ್ನ ಅಂಗಡಿ ಲೆಕ್ಕ ಅಲ್ಲೋ ಇದು, ಕಡಿಮಿ ಮಾಡಿ ಕೊಡ್ರಿ ಅನ್ನಾಕ. ಆಕಿ ಹಿಡದಾಳ, ನಾನೂ ಹಿಡದೀನಿ. ಆಕಿ ಹರಕಿ ತಾಯಿಗೆ ಮುಟ್ಟೂತನಕ ನನಗ ಉಪ್ಪಿಲ್ಲ."

ಸಂಜೆಯೂ ಗಂಜಿಗೆ ಬಾಯಿ ತೆರೆಯಲಿಲ್ಲ. ಡಾಕ್ಟರು ಬಂದು ನೋಡಿ, "ಎಷ್ಟು ದಿನ ಬಾಟಲಿ ಮ್ಯಾಲ ಇಡಾಕ ಆಗ್ತೈತಿ? ಉಣ್ಣಲಿಲ್ಲಂದ್ರ ಮತ್ತ ಇಳೀತೈತಿ, ಮತ್ತ ಹಂಗ ಆಗ್ತಾರ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. "ನೀ ಹೇಳಿದ್ರ ಕೇಳ್ತಾಳ ವೈನಿ" ಎಂದಳು ಗಿರಿಜಾ.

ಅವರನ್ನೆಲ್ಲ ಚಹಾ ಕುಡಿದು ಬನ್ನಿ ಎಂದು ಕಳಿಸಿದೆ. ಅತ್ತೆಯ ಹಾಸಿಗೆಯ ಅಂಚಿಗೆ ಕುಳಿತೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಅವರ ಕೈಯಲ್ಲಿಟ್ಟೆ.

"ನಂದಲ್ಲ ಇದು. ನನ್ನ ಜೋಡೆತ್ತಿನ ಬಣ್ಣ ಬ್ಯಾರೆ" ಎಂದರು.

"ನಿಮ್ದಲ್ರಿ. ನಂದು."

"ನಿಂದ್ಯಾಕ?"

"ನನಗೂ ಬಿ.ಪಿ. ಐತ್ರಿ ಅತ್ಯಾರ. ಕಾರಹುಣ್ಣಿವಿಯಿಂದ. ಉಪ್ಪು ಕಡಿಮಿ ಮಾಡಂತ ಡಾಕ್ಟರ ಹೇಳಿದ್ರು. ಹರಕಿ ಅಂದದ್ದು ಸುಳ್ಳು."

ಅತ್ತೆ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಗುಳಿಗೆ ಖಾಲಿಯಾದ ಕುಳಿಗಳ ಮೇಲೆ ಬೆರಳಾಡಿಸಿದರು.

"ನನಗ ಯಾಕ ಹೇಳಲಿಲ್ಲ?"

"ನೀವು ತರಿಸೀರಿ ಅಂತ ಮಂದಿ ಅಂತಾರಂತ."

"ನಾ ತರಿಸಿದ್ನೇನು?"

"ಇಲ್ರಿ. ನಮ್ಮವ್ವಗೂ ಇತ್ತು."

"ನಿಮ್ಮವ್ವನ ಮಾತು ಬಿಡು. ನನ್ನ ಮ್ಯಾಲ ಸಿಟ್ಟು ಬರ್ತಿದ್ದಿಲ್ಲೇನು ನಿನಗ?"

ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಬೇಡವೆನಿಸಿತು.

"ಬರ್ತಿತ್ರಿ. ಒಮ್ಮೊಮ್ಮೆ ಭಾಳ ಬರ್ತಿತ್ತು."

ಅತ್ತೆ ಗೋಡೆಯ ಕಡೆ ಹೊರಳಿದರು. ನಾನು ಅವರ ಬೆನ್ನು ನೋಡುತ್ತ ಕುಳಿತೆ. ಪಕ್ಕದ ಹಾಸಿಗೆಯವರು ರೇಡಿಯೋದಲ್ಲಿ ಮಾರುಕಟ್ಟೆಯ ಧಾರಣೆ ಕೇಳುತ್ತಿದ್ದರು, ಅದು ಮುಗಿದು ಇನ್ನೇನೋ ಶುರುವಾಯಿತು. ಆಮೇಲೆ ಗೋಡೆಯ ಕಡೆಯಿಂದಲೇ ಮಾತು ಬಂತು.

"ನಿಂದು ಸುಳ್ಳಿರಬಹುದು. ನಂದು ಸುಳ್ಳಲ್ಲ. ನಾ ತಾಯಿ ಮುಂದ ನಿಂತು ಬೇಡಿಕೊಂಡೀನಿ."

"ಏನಂತ ಬೇಡಿಕೊಂಡ್ರಿ?"

"ನನ್ನ ಸೊಸಿ ಯಾತಕ್ಕ ಉಪ್ಪು ಬಿಟ್ಟಾಳೋ ಗೊತ್ತಿಲ್ಲ ತಾಯಿ, ಅದು ಆಗ್ಲಿ. ಆಗೂತನಕ ನಾನೂ ಮುಟ್ಟೂದಿಲ್ಲ ಅಂತ."

ಅವರೇ ಹೊರಳಿ ನನ್ನನ್ನು ನೋಡಿದರು.

"ನೀ ಬಿಟ್ಟದ್ದು ಯಾತಕ್ಕ? ಬಿ.ಪಿ. ಇಳೀಲಿ ಅಂತ ಹೌದಿಲ್ಲೋ?"

"ಹೌದ್ರಿ."

"ಇಳದೈತೇನು?"

"ಹ್ವಾದ ಸಲ ತೋರಿಸಿದಾಗ ಸಮ ಇತ್ರಿ. ಗುಳಿಗಿ ಮೈಗೆ ಹತ್ತೈತಿ ಅಂದ್ರು."

"ಗುಳಿಗಿ ಹತ್ತಲಿ, ಏನರ ಹತ್ತಲಿ. ಇಳದೈತಿಲ್ಲೋ?"

"ಇಳದೈತ್ರಿ."

ಅತ್ತೆ ಕಣ್ಣು ಮುಚ್ಚಿ ಎರಡೂ ಕೈ ಎದೆಯ ಮೇಲೆ ಜೋಡಿಸಿದರು. ತುಟಿ ಆಡಿದವು. ತಾಯಿಯ ಜೊತೆ ಏನು ಲೆಕ್ಕ ಮುಗಿಸಿಕೊಂಡರೋ, ನಾನು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳುವ ಹಕ್ಕೂ ನನಗಿರಲಿಲ್ಲ.

"ಹಂಗಾದ್ರ ಹರಕಿ ಮುಟ್ಟಿತು" ಎಂದರು. "ಆ ಗಂಜಿ ತಾ. ಬಿಸಿ ಮಾಡಿಸು, ಆರಿದ್ದು ನಾ ಉಣ್ಣಾಕಿಲ್ಲ."

ಮನೆಯವರು ಬಂದಾಗ ಅರ್ಧ ಬಟ್ಟಲು ಮುಗಿದಿತ್ತು. ಅವರನ್ನೂ ಗಿರಿಜಾಳನ್ನೂ ಹೊರಗೆ ಕರೆದು ನಾನೇ ಹೇಳಿದೆ. ಗಿರಿಜಾ ತಿರುಗಿ ಒಳಗೆ ಹೋದಳು. ಅವಳ ಮುಖ ನನ್ನ ಕಡೆ ತಿರುಗಲು ಬನದ ಹುಣ್ಣಿಮೆ ಕಳೆಯಬೇಕಾಯಿತು. ಮನೆಯವರು, "ನನಗರ ಹೇಳಬಾರದೇನು" ಎಂದರು. ಇನ್ನೂ ಏನೋ ಹೇಳಲು ಹೋಗಿ ನನ್ನ ಕಾಲು ನೋಡಿ, "ಬಾವು ಬಂದಾವಲ್ಲ, ಕುಂಡ್ರು" ಎಂದರು.

ಈಗ ಅತ್ತೆ ಬೇರೆ ಗುಳಿಗೆಯಲ್ಲಿದ್ದಾರೆ. ಆಗಾಗ ರಕ್ತ ತೋರಿಸುತ್ತೇವೆ. ನನ್ನ ಕಾಲಿನ ಬಾವು ನನ್ನ ಗುಳಿಗೆಯಲ್ಲಿದ್ದ ಒಂದು ಔಷಧದಿಂದಲೇ ಬಂದದ್ದಂತೆ. ಡಾಕ್ಟರಬಾಯಿ ಅದರ ಅಳತೆ ಬದಲಿಸಿ ಕೊಟ್ಟಿದ್ದಾರೆ. ಬಾವನ್ನೂ ಮುಚ್ಚಿಟ್ಟಿದ್ದೆ ಎಂದು ಬೈಸಿಕೊಂಡೆ. ಇಬ್ಬರ ಪಟ್ಟಿಗಳೂ ಒಂದೇ ಗೂಡಿನಲ್ಲಿ ಇವೆ. ಅದಲು ಬದಲಾಗದಂತೆ ನನ್ನದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಇದನ್ನು ಓದುವವರಲ್ಲಿ ಯಾರಾದರೂ ಊದುಬತ್ತಿಯ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದರೆ ಹೊರಗೆ ತೆಗೆಯಿರಿ. ನಾವು ಒಬ್ಬರೇ ನುಂಗುತ್ತೇವೆ ಎಂದುಕೊಳ್ಳುತ್ತೇವೆ. ಒಂದು ಮನೆಯಲ್ಲಿ ಹಾಗೆ ಆಗುವುದಿಲ್ಲ.

ಪೂಜೆಗೆ ಕುಳಿತಾಗ ಇನ್ನೂ ತಲೆ ಎತ್ತಿ ತಾಯಿಯ ಮುಖ ನೋಡಲಾರೆ. ನನ್ನ ಬಿ.ಪಿ. ಇಳಿಸಿದ್ದು ಗುಳಿಗೆ. ಅದು ನನಗೆ ಗೊತ್ತು. ಆದರೆ ಅದು ಇಳಿಯಲೆಂದು, ಏನೆಂದು ಕೂಡ ತಿಳಿಯದೆ, ಪ್ರಾಣದ ಅಂಚಿಗೆ ಹೋಗಿ ಬಂದವರು ಇನ್ನೊಬ್ಬರಿದ್ದರು. ಆ ಋಣ ಯಾವ ಡಾಕ್ಟರೂ ಇಳಿಸಿ ಕೊಡಲಾರರು. ತೀರ್ಥವನ್ನು ಈಗ ತೀರ್ಥವೆಂದೇ ತೆಗೆದುಕೊಳ್ಳುತ್ತೇನೆ. ಗುಳಿಗೆಗೆ ಬೇರೆ ಲೋಟದ ನೀರು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಓಣಿಯ ಹೆಣ್ಣುಮಕ್ಕಳು ಅತ್ತೆಯನ್ನು ನೋಡಲು ಬಂದಿದ್ದರು. ನಾನು ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದೆ. ಹರಕೆಯ ಮಾತು ಬಂದೇ ಬರುತ್ತದೆ ಎಂದು ಕಾಯುತ್ತಿದ್ದೆ. ಅತ್ತೆ ದಿಂಬಿಗೆ ಒರಗಿ, ಯಾರೂ ಕೇಳುವ ಮೊದಲೇ, "ನಮ್ಮ ರತ್ನಾಗೂ ಬಿ.ಪಿ. ಐತಿ, ಗೊತ್ತೈತೇನು ನಿಮಗ?" ಎಂದರು.

ಎದುರು ಮನೆಯ ಮುದುಕಿಯೂ ಅಲ್ಲೇ ಕುಳಿತಿದ್ದಳು.

"ನಾ ತರಿಸಿದ್ದಲ್ಲ ಮತ್ತ" ಎಂದು ಅತ್ತೆ ಅವಳ ಕಡೆ ತಿರುಗಿದರು. "ಮುಂಡರಗಿಂದ ಬಳುವಳಿ ತಂದಾಳ ಆಕಿ. ನಾ ಅಂದದ್ದು ತಪ್ಪಾತವಾ, ನಿನ್ನ ಸೊಸಿದೂ ಹಂಗ ಇರಬೇಕು. ಕೇಳಿ ನೋಡು."

ಮುದುಕಿ ಏನೆಂದಳೋ, ನನಗೆ ಕೇಳಿಸಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದೆ.

"ಒಳಗ ನಿಂತು ಕಿವಿ ಕೊಡೂದು ಸಾಕು" ಎಂದು ಅತ್ತೆ ಕೂಗಿದರು. "ಹಿಟ್ಟು ಮುಗದೈತಂತ ಹೇಳಿದ್ದಿಲ್ಲೇನು? ಗಿರಣಿ ಮುಚ್ಚೂದರಾಗ ಜೋಳ ಹೋಗಬೇಕು."

ನಾನು ಜೋಳದ ಡಬ್ಬಿ ಮತ್ತು ಮೊರ ತಂದು ಪಡಸಾಲೆಯಲ್ಲಿ, ಅವರೆಲ್ಲರ ನಡುವೆ, ಹಸನು ಮಾಡಲು ಕುಳಿತೆ.